ಐದು ಗಂಟೆಯ ದನಿ

ಕೆಟ್ಟಿರುವುದು ಹೆಜ್ಜೆ ಎಣಿಸುವ ಪಟ್ಟಿಯೋ, ಅದನ್ನು ಕಟ್ಟಿಕೊಂಡ ಮನುಷ್ಯನೋ? ಎರಡೂ ಅಲ್ಲದೆ, ತಾನು ಬರೆದ ಆ ಒಂದು ಸಾಲೇ ಇರಬಹುದೆ?

ಸಿದ್ದಲಿಂಗೇಶ ಪರದೆಯ ಮೇಲಿನ ನೀಲಿ ಗೆರೆಯನ್ನೇ ನೋಡುತ್ತ ಕುಳಿತಿದ್ದ. ಸಂಜೆ ಐದಕ್ಕೆ ಗೆರೆ ಏಳುತ್ತದೆ. ಐದೂ ಇಪ್ಪತ್ತಕ್ಕೆ ಸತ್ತಂತೆ ಮಲಗುತ್ತದೆ. ಆರಕ್ಕೆ ಮತ್ತೆ ಎದ್ದು, ಇಪ್ಪತ್ತು ನಿಮಿಷ ನಡೆದು ಮನೆ ಸೇರುತ್ತದೆ. ನಿನ್ನೆಯೂ ಹಾಗೇ, ಮೊನ್ನೆಯೂ ಹಾಗೇ. ಇಪ್ಪತ್ತಾರು ದಿನದಿಂದ ಒಂದು ನಿಮಿಷದ ಹೆಚ್ಚುಕಮ್ಮಿಯಿಲ್ಲ. ಒಬ್ಬ ಮನುಷ್ಯ ಎಮ್ಮಿಗನೂರಿನ ಕಾಲುವೆ ಸೇತುವೆಯ ಮೇಲೆ ನಲವತ್ತು ನಿಮಿಷ ಅಲುಗಾಡದೆ ಏನು ಮಾಡುತ್ತಾನೆ? ಬೀಡಿ ಸೇದುವುದಕ್ಕೆ ಅಷ್ಟು ಹೊತ್ತು ಬೇಕಿಲ್ಲ. ಹರಟೆಗಾದರೆ ದಿನವೂ ಅದೇ ಹೊತ್ತಿಗೆ ಏಳಲಾಗುವುದಿಲ್ಲ.

ಹೊಸಪೇಟೆಯಲ್ಲಿ ಒಂದು ಮೊಬೈಲ್ ಅಂಗಡಿಯ ಮೇಲಿನ ಎರಡು ಕೋಣೆ ಅವನ ಆಫೀಸು. ಬೈಯದೆ, ಹೆದರಿಸದೆ, ಜನ ತಾವಾಗಿಯೇ ಒಳ್ಳೆಯ ಅಭ್ಯಾಸಕ್ಕೆ ಹೊರಳುವಂಥ ಸಣ್ಣ ಉಪಾಯಗಳನ್ನು ಹುಡುಕುವುದು ಅವನ ಕೆಲಸ. ಹೊಸಪೇಟೆ, ಕಂಪ್ಲಿ ಸುತ್ತಲಿನ ಇನ್ನೂರ ನಲವತ್ತು ಸಕ್ಕರೆ ಕಾಯಿಲೆಯವರ ಕೈಗೆ ಅವನ ತಂಡ ರಬ್ಬರ್ ಪಟ್ಟಿ ಕಟ್ಟಿತ್ತು. ಅದು ಹೆಜ್ಜೆ ಎಣಿಸುತ್ತದೆ, ಇರುವ ಜಾಗ ತೋರಿಸುತ್ತದೆ. ಸಂಜೆ ಐದಕ್ಕೆ ಅವರ ಫೋನಿಗೆ ಒಂದು ಕರೆ ಹೋಗುತ್ತದೆ. ಎತ್ತಿದರೆ ಒಬ್ಬ ಹೆಣ್ಣುಮಗಳ ದನಿ: “ಊಟ ಆತೇನ್ರಿ? ಹತ್ತಿರದ ಕೆಲಸಕ್ಕ ಬೈಕ್ ಬ್ಯಾಡ್ರಿ, ಪೆಟ್ರೋಲ್ ಯಾಕ ಸುಡ್ತೀರಿ? ನಾಕು ಹೆಜ್ಜಿ ನಡದು ಬರ್ರಿ...”

ಮಾತು ಸಿದ್ದಲಿಂಗೇಶನದು. ದನಿ ನರ್ಸ್ ಶೈಲಶ್ರೀಯದು.

ಇನ್ನೂರ ನಲವತ್ತು ಜನಕ್ಕೆ ಏನು ಹೇಳಿದರೆ ಕಾಲು ಏಳುತ್ತದೆಂದು ಅವನಿಗೆ ಗೊತ್ತಿತ್ತು. ಆ ದನಿಯ ಒಡತಿಗೆ ಏನು ಹೇಳಬೇಕೆಂದು ಮಾತ್ರ ಏಳು ತಿಂಗಳಾದರೂ ತಿಳಿದಿರಲಿಲ್ಲ.

ಅವಳಿಗೆ ಫೋನ್ ಮಾಡಿದ.

“ನೂರಾ ಹದಿನೇಳನೇ ನಂಬರಿಂದು ಒಂದು ವಿಚಿತ್ರ ಐತ್ರಿ.”

“ನಂಬರ್ ಅಲ್ರೀ, ಹೆಸರು ಹೇಳ್ರಿ.”

“ಗಾದಿಲಿಂಗಪ್ಪ, ಎಮ್ಮಿಗನೂರು. ದಿನಾ ನಲವತ್ತು ನಿಮಿಷ ಸೇತುವಿ ಮ್ಯಾಲ ನಿಂದರ್ತಾರ. ಯಾಕೋ ತಿಳೀವಲ್ದು.”

“ನೋಡಿ ಬರೋಣೇನು? ನಾಳೆ ಮಧ್ಯಾಹ್ನ ನನ್ನ ಡ್ಯೂಟಿ ಮುಗೀತೈತಿ.”

ಅವಳು ‘ಬರೋಣ’ ಎಂದದ್ದನ್ನು ಫೋನಿಟ್ಟ ಮೇಲೆ ಅವನು ಮೂರು ಸಲ ನೆನೆಸಿಕೊಂಡ.

*

ಏಳು ತಿಂಗಳ ಹಿಂದೆ ದನಿ ಹುಡುಕಿಕೊಂಡು ಅವನು ಮಲಪನಗುಡಿಯ ಆರೋಗ್ಯ ಕೇಂದ್ರಕ್ಕೆ ಹೋಗಿದ್ದ. ಅಲ್ಲಿನ ನರ್ಸ್ ಶೈಲಶ್ರೀ ಮೈಕ್ ಹಿಡಿದು ಪೋಲಿಯೋ ಹನಿಯ ಸುದ್ದಿ ಹೇಳಿದರೆ ಊರೇ ಕೆಲಸ ಬಿಟ್ಟು ಕೇಳುತ್ತದೆಂದು ಯಾರೋ ಹೇಳಿದ್ದರು. ಬಾಗಿಲಲ್ಲಿ ಸಾಲಿತ್ತು. ಮಾತು ಎಲ್ಲಿಂದ ಶುರು ಮಾಡುವುದೆಂದು ತಿಳಿಯದೆ ಅವನೂ ಸಾಲಿನಲ್ಲಿ ನಿಂತ. ಸರದಿ ಬಂತು.

“ಬೆರಳು ಕೊಡ್ರಿ,” ಎಂದಳು ತಲೆಯೆತ್ತದೆ.

ಕೊಟ್ಟ. ಸೂಜಿ ಚುಚ್ಚಿತು. ಅವಳು ರಕ್ತದ ಹನಿಯನ್ನು ಮೀಟರಿನ ಪಟ್ಟಿಗೆ ಮುಟ್ಟಿಸಿ, ಅವನ ಬೆರಳಿಗೆ ಹತ್ತಿ ಒತ್ತಿ ಹಿಡಿದೇ ಮೀಟರ್ ನೋಡಿದಳು.

“ತೊಂಬತ್ತಾರು. ಸಕ್ಕರಿ ಇಲ್ಲ ನಿಮಗ. ಮತ್ತ ಯಾಕ ಬಂದೀರಿ?”

“ದನಿ ಬೇಕಾಗಿತ್ತು.”

ಅವಳು ತಲೆಯೆತ್ತಿದಳು. ಕಣ್ಣಲ್ಲಿ ಮೊದಲು ಅನುಮಾನ ಬಂತು. ಅವನು ತಡವರಿಸುತ್ತ ಎಲ್ಲ ಹೇಳಿ ಮುಗಿಸುವ ಹೊತ್ತಿಗೆ ಅದು ಹೋಗಿ ತುಂಟತನ ಕೂತಿತ್ತು.

“ಇದನ್ನ ಚುಚ್ಚೋಕಿಂತ ಮೊದಲ ಹೇಳಬೇಕಿಲ್ರೀ?”

“ನೀವು ಕೇಳ್ಲಿಲ್ಲ.”

“ಭಲೇ! ನಿಮ್ಮ ಮನ್ಯಾಗ ನಿಮಗ ಮೂಕಪ್ಪ ಅಂತ ಹೆಸರಿಡಬೇಕಾಗಿತ್ತು.”

ಬೆರಳನ್ನು ಅವಳು ಇನ್ನೂ ಹಿಡಿದಿದ್ದಳು. ಹಿಂದಿನವರು ಕೆಮ್ಮಿದಾಗ ಬಿಟ್ಟಳು.

ಅವಳ ಊರು ಸಂಡೂರಿನ ಕಡೆಯ ವಡ್ಡು. ಅಪ್ಪ ಉಕ್ಕಿನ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ ಮಾಡುವವರು. ಗದ್ದಲದ ನಡುವೆ ಮಾತಾಡಿ ಬೆಳೆದವಳಾದ್ದರಿಂದಲೋ ಏನೋ, ಅವಳು ಮೆಲ್ಲಗೆ ಹೇಳಿದ್ದೂ ದೂರ ಹೋಗುತ್ತಿತ್ತು. ರೆಕಾರ್ಡಿಂಗಿಗೆ ಆರೋಗ್ಯ ಕೇಂದ್ರದಲ್ಲಿ ಸದ್ದು ಹೆಚ್ಚು. ಅದಕ್ಕೇ ಊರಿನ ಹಳೆಯ ಮೆಟ್ಟಿಲು ಬಾವಿಗೆ ಇಳಿಯುತ್ತಿದ್ದರು. ನಾಲ್ಕು ಮೆಟ್ಟಿಲು ಇಳಿದರೆ ರಸ್ತೆಯ ಸದ್ದು ತಗ್ಗುತ್ತದೆ, ಹತ್ತು ಇಳಿದರೆ ಪಾರಿವಾಳದ ರೆಕ್ಕೆಯಷ್ಟೇ ಉಳಿಯುತ್ತದೆ. ಅವಳು ಕಾಗದ ಹಿಡಿದು ಓದುವಳು. ಅವನು ಹೆಡ್‌ಫೋನ್ ಹಾಕಿಕೊಂಡು ಒಂದು ಮೆಟ್ಟಿಲು ಕೆಳಗೆ ಕೂರುವನು.

ಒಂದು ದಿನ ಎಲ್ಲ ಮುಗಿದಿತ್ತು. ಅವಳು ಚಪ್ಪಲಿ ಹುಡುಕುತ್ತಿದ್ದಳು. ಅವನು ಪೆನ್ಸಿಲಿನಲ್ಲಿ ಕಾಗದದ ಕೊನೆಗೆ ಒಂದು ಸಾಲು ಬರೆದು ಚಾಚಿದ.

ಅವಳು ಮನಸ್ಸಿನಲ್ಲೇ ಓದಿದಳು. ಹುಬ್ಬು ಮೇಲೇರಿತು. “‘ನಾನು ಕಾಯ್ತಿರ್ತೀನಿ.’ ಯಾರ‍್ರೀ ಕಾಯೋದು?”

“ಪ್ರೋಗ್ರಾಂ.”

“ಪ್ರೋಗ್ರಾಂ ಕಾಯ್ತೈತಿ?”

“ಹೂಂ.”

ಅವಳು ಅವನನ್ನು ಒಮ್ಮೆ ನೋಡಿ, ಕಾಗದ ನೋಡಿ, ಓದಿದಳು. ಅವನು ಹೆಡ್‌ಫೋನ್ ಒತ್ತಿಕೊಂಡು ಕಣ್ಣು ಮುಚ್ಚಿದ್ದ.

“ಇನ್ನೊಮ್ಮೆ,” ಎಂದ. “ಮ್ಯಾಲ ಲಾರಿ ಹಾರ್ನ್ ಹೊಡೀತು.”

“ನನಗ ಕೇಳ್ಲಿಲ್ಲಲ್ಲ?”

“ಇದರಾಗ ಎಲ್ಲಾ ಕೇಳ್ತೈತಿ.”

ಎರಡನೇ ಸಲ ಅವಳು ಕಾಗದ ನೋಡಲಿಲ್ಲ. ಆಗಲೂ ಲಾರಿ ಅಡ್ಡ ಬಂತೆಂದ. ಮೂರನೇ ಸಲ ಅವಳ ದನಿ ಬಾವಿಯ ನೀರಿನಷ್ಟು ತಗ್ಗಿತ್ತು. ಅದನ್ನೇ ಅವನು ಐದು ಗಂಟೆಯ ಕರೆಯ ಕೊನೆಗೆ ಸೇರಿಸಿದ.

ಆ ವಾರ ನೂರಕ್ಕೆ ಮೂವತ್ತು ಜನ ನಡೆಯುತ್ತಿದ್ದಲ್ಲಿ ಐವತ್ತೆಂಟು ಜನ ನಡೆದರು. ಯೋಜನೆಯ ಮುಖ್ಯಸ್ಥ ಪುರಂದರ ಸರ್ ಬೆನ್ನು ತಟ್ಟಿದರು. ಅದೇ ವಾರದಿಂದ ನೂರಾ ಹದಿನೇಳನೇ ಗೆರೆ ಸೇತುವೆಯ ಮೇಲೆ ನಿಲ್ಲಲು ಶುರುವಾಯಿತು.

*

ಕಂಪ್ಲಿ ಬಸ್ಸಿಗೆ ಅವಳು ಮಲಪನಗುಡಿಯಲ್ಲಿ ಹತ್ತಿದಳು. ಅವನು ಬ್ಯಾಗಿಟ್ಟು ಕಾದಿರಿಸಿದ್ದ ಕಿಟಕಿ ಪಕ್ಕದ ಸೀಟಿನಲ್ಲಿ, ಕೇಳದೆಯೇ ಕೂತಳು. ಕಮಲಾಪುರ ದಾಟಿದ ಮೇಲೆ ಎರಡೂ ಬದಿಗೆ ಬಾಳೆ ತೋಟ. ಹಸಿರು ಬೆಳಕು ಅವಳ ಮುಖದ ಮೇಲೆ ಓಡುತ್ತಿತ್ತು. ಕಾಗದದ ಪೊಟ್ಟಣ ಬಿಚ್ಚಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ ಅವನ ಕಡೆ ಸರಿಸಿದಳು.

“ತಿನ್ರಿ. ತೊಂಬತ್ತಾರು ಇದ್ದೋರಿಗೆ ಏನೂ ಆಗಂಗಿಲ್ಲ.”

“ಇನ್ನೂ ನೆನಪೈತಾ?”

“ನನ್ನ ಹತ್ರ ಬೆರಳು ಕೊಟ್ಟೋರು ಸಾವಿರ ಮಂದಿ. ಯಾಕಂತ ಕೇಳದ ಕೊಟ್ಟೋರು ನೀವೊಬ್ರ.”

ಅವನು ಮಿರ್ಚಿ ಕಚ್ಚಿದ. ಖಾರಕ್ಕೆ ಕಣ್ಣಲ್ಲಿ ನೀರು ಬಂತು. ಅವಳು ಕಿಟಕಿಯತ್ತ ತಿರುಗಿ ನಕ್ಕಳು. ಗಾಜಿನಲ್ಲಿ ಆ ನಗು ಕಾಣುತ್ತಿತ್ತು, ಅದು ಕಾಣುತ್ತದೆಂದು ಅವಳಿಗೂ ಗೊತ್ತಿತ್ತು.

“ಏನಿರಬಹುದ್ರಿ ಆ ನಲವತ್ತು ನಿಮಿಷದಾಗ?” ಎಂದಳು. “ನನಗ ರಾತ್ರಿ ಎಲ್ಲಾ ಅದ ತಲಿಯಾಗ.”

“ನನಗೂ.”

“ನಿಮಗ ಬರೇ ಗೆರಿ ಕಾಣ್ತೈತಿ. ನನಗ ಮನುಷ್ಯಾ ಕಾಣ್ತಾನ. ಅಷ್ಟ ಫರಕು.”

ಕಂಪ್ಲಿಯಲ್ಲಿ ಬಸ್ಸು ಬದಲಿಸಿ ಎಮ್ಮಿಗನೂರು ಮುಟ್ಟುವಾಗ ಐದು ದಾಟಿತ್ತು. ಗಾದಿಲಿಂಗಪ್ಪನ ಮನೆ ತುಂಬ ಜನವಿದ್ದರು. ಸೊಸೆ ರೊಟ್ಟಿ ತಟ್ಟುತ್ತಿದ್ದಳು, ಮೊಮ್ಮಕ್ಕಳು ಟಿವಿಗಾಗಿ ಜಗಳ ತೆಗೆದಿದ್ದರು. ಕಟ್ಟೆಯ ಮೇಲೆ ಶೇಂಗಾ ಬಿಡಿಸುತ್ತ ಅವನ ತಂಗಿ ಎರ್ರಮ್ಮ ಕೂತಿದ್ದಳು.

“ಅಮ್ಮಾ, ಗಾದಿಲಿಂಗಪ್ಪ ಅವ್ರು ಅದಾರೇನ್ರಿ?” ಎಂದಳು ಶೈಲಶ್ರೀ.

ಎರ್ರಮ್ಮನ ಕೈ ಅಲ್ಲೇ ನಿಂತಿತು. “ಏ ಯವ್ವಾ! ಐದು ಗಂಟಿ ಫೋನಿನಾಕಿ! ನೀನ ಅಲ್ಲೇನು?”

“ಹೌದ್ರಿ, ನಾನ.”

“ಬಾ, ಕುಂದ್ರು ತಾಯೀ. ನಮ್ಮಣ್ಣನ ಎಬ್ಬಸ್ದಾಕಿ ನೀನು. ಡಾಕ್ಟ್ರು ಹೇಳಿದ್ರೂ ಏಳಲಿಲ್ಲ, ನಾ ಬೈದ್ರೂ ಏಳಲಿಲ್ಲ, ಬೀದಿ ತುದಿಗೂ ಬೈಕ್ ಬೇಕಾಗಿತ್ತು ಅವಗ. ಈಗ ನೋಡು, ಐದಾದ್ರ ಮಡಿ ಧೋತ್ರ, ತಲಿಗೆ ಎಣ್ಣಿ. ‘ಹೊಂಟೆ ತಾಯೀ, ಬಂದೆ’ ಅಂತ ಫೋನಿಗೆ ಹೇಳಿ ಹೊಂಟ್ಬಿಡ್ತಾನ. ಎರಡು ಸುಗಂಧಿ ಬಾಳಿಹಣ್ಣು ಬ್ಯಾರೆ.”

“ಹಣ್ಣು ಯಾರಿಗ್ರಿ?”

“ನಿನಗ! ಕಾಯ್ತೀನಿ ಅಂದೀಯಲ್ಲ, ನಡದು ಹೋಗೋರು ಕುಂದ್ರೋದು ಸೇತುವಿ ಮ್ಯಾಲ, ಅಲ್ಲೇ ಇರ್ತಾಳ ಅಂತಾನ. ಕಾಯೋರ ಹತ್ರ ಬರಿಗೈಲಿ ಹೆಂಗ ಹೋಗ್ತಾರ? ನೀ ಬರ್ತಿ ಅಂತ ಆರು ಗಂಟಿತನಕ ಕುಂತು, ಹಣ್ಣು ಕಟ್ಟಿ ಮ್ಯಾಲ ಇಟ್ಟು ಬರ್ತಾನ. ಮುಂಜಾನೆ ಇರಂಗಿಲ್ಲ. ‘ತಗೊಂಡು ಹೋಗ್ಯಾಳ, ನನ್ನ ಕಂಡ್ರ ನಾಚಿಕಿ ಅಕೀಗೆ’ ಅಂತಾನ.”

ಶೈಲಶ್ರೀ ಸಿದ್ದಲಿಂಗೇಶನ ಕಡೆ ತಿರುಗಿದಳು. ಆ ನೋಟದಲ್ಲಿ ಬಸ್ಸಿನ ನಗುವಿನ ಚೂರೂ ಇರಲಿಲ್ಲ.

ಸೇತುವೆ ಊರಿನಿಂದ ಇಪ್ಪತ್ತು ನಿಮಿಷದ ದಾರಿ. ಗದ್ದೆಯ ನಡುವಿನ ರಸ್ತೆಯಲ್ಲಿ ಅವನು ಮೆಲ್ಲಗೆ ಹೇಳಿದ: “ಮುನ್ನೂರಾ ಹತ್ತಿದ್ದ ಸಕ್ಕರಿ ನೂರಾ ಎಂಬತ್ತಕ್ಕ ಇಳದೈತ್ರಿ ಅವರಿಗೆ. ಕಾಲಿನ ಗಾಯ ಮಾಯಾಕತ್ತೈತಿ. ಇನ್ನ ಮೂರು ತಿಂಗಳು...”

“ಮೂರು ತಿಂಗಳು ಏನು?”

“ಹಿಂಗ ನಡದ್ರ ಪೂರಾ ಮಾಯ್ತೈತಿ.”

ಗಾದಿಲಿಂಗಪ್ಪ ಸೇತುವೆಯ ಕಟ್ಟೆಯ ಮೇಲೆ ಕಾಲು ಜೋಡಿಸಿ ಕೂತಿದ್ದ. ಪಕ್ಕದಲ್ಲಿ ಟವಲು, ಟವಲಿನ ಮೇಲೆ ಎರಡು ಹಣ್ಣು. ಕಾಲುವೆಯ ನೀರು ಸದ್ದಿಲ್ಲದೆ ಹೋಗುತ್ತಿತ್ತು.

“ತಾತಾ,” ಎಂದಳು ಶೈಲಶ್ರೀ.

ಅವನು ಆ ಒಂದೇ ಮಾತಿಗೆ ತಿರುಗಿದ. ಮುಖವೆಲ್ಲ ಅರಳಿತು. “ಬಂದ್ಯಾ ತಾಯೀ! ಇಷ್ಟು ದಿನ ಆದ ಮ್ಯಾಲ ಬಂದ್ಯಾ!” ಸರಿದು ಜಾಗ ಮಾಡಿದ. “ಕುಂದ್ರು. ಹಣ್ಣು ರುಚಿ ಅದಾವೇನು?”

ಅವಳು ಕೂತಳು. ಕೂತು ಸಿದ್ದಲಿಂಗೇಶನ ಕಡೆ ನೋಡಿದಳು. ಅವನು ಕಾಣಿಸಿಯೂ ಕಾಣಿಸದಷ್ಟು ತಲೆ ಅಲ್ಲಾಡಿಸಿದ: ಹೇಳಬೇಡ.

ಅವಳು ಕಣ್ಣು ತೆಗೆದಳು.

“ತಾತಾ, ಸುಳ್ಳು ಹೇಳಂಗಿಲ್ಲ ನಾನು. ನಾ ಇವತ್ತ ಮೊದಲನೇ ಸಲ ಇಲ್ಲಿಗೆ ಬಂದದ್ದು. ಒಂದು ದಿನ ನಾ ಹೇಳಿದ್ದನ್ನ ಮಷೀನಿನಾಗ ತುಂಬ್ಯಾರ. ಅದ ದಿನಾ ಫೋನ್ ಮಾಡ್ತೈತಿ. ನಾ ಕಾಯ್ತಿರ್ಲಿಲ್ಲ.”

ಗಾದಿಲಿಂಗಪ್ಪ ನೀರಿನ ಕಡೆ ತಿರುಗಿದ. “ಅಂದ್ರ ನಾ ‘ಹೊಂಟೆ ತಾಯೀ’ ಅಂತಿದ್ದದ್ದು ಯಾರಿಗೂ ಕೇಳ್ತಿರ್ಲಿಲ್ಲ?”

“ಇಲ್ಲ ತಾತ.”

“ಹಣ್ಣು?”

ಅವಳು ಮೇಲೆ ನೋಡಿದಳು. ಬೇವಿನ ಮರದಲ್ಲಿ ಐದಾರು ಮಂಗಗಳು ಟವಲನ್ನೇ ದಿಟ್ಟಿಸುತ್ತಿದ್ದವು. ಅವನೂ ನೋಡಿದ. ನಗಬಹುದಿತ್ತು, ನಗಲಿಲ್ಲ.

“ಆ ಮಾತು ಬರದಾವ ಯಾರು?”

ಸಿದ್ದಲಿಂಗೇಶ ಶಾಲೆಯಲ್ಲಿ ತಪ್ಪು ಮಾಡಿದವನಂತೆ ಕೈ ಎತ್ತಿದ.

“ಯಾರಿಗೆ ಅಂತ ಬರದ್ಯೋ ಯಪ್ಪಾ?”

“ಎಲ್ಲಾರಿಗೂ, ತಾತ.”

“ಎಲ್ಲಾರಿಗೂ ಕಾಯಾಕ ಆಕ್ಕೈತೇನಪಾ?”

ಮುದುಕ ಕೈಯ ಪಟ್ಟಿ ಬಿಚ್ಚಿ, ಮಡಚಿ, ಸಿದ್ದಲಿಂಗೇಶನ ಅಂಗೈಯಲ್ಲಿ ಇಟ್ಟ. ಊರ ಕಡೆ ಹೊರಟಿದ್ದ ಒಂದು ಬೈಕಿಗೆ ಕೈ ಮಾಡಿದ. ಹಿಂದೆ ಹತ್ತಿ ಕೂತು ಹೋದ, ತಿರುಗಿ ನೋಡಲಿಲ್ಲ.

*

ವಾಪಸು ಬಸ್ಸಿನಲ್ಲಿ ಮೂಕಿಯಾದದ್ದು ಅವಳು. ಬುಕ್ಕಸಾಗರ ದಾಟುವವರೆಗೆ ಒಂದು ಮಾತಿಲ್ಲ. ಸುಮ್ಮನಿರುವುದು ಅವನಿಗೆ ಯಾವತ್ತೂ ಸಲೀಸಾಗಿತ್ತು. ಇನ್ನೊಬ್ಬರು ಸುಮ್ಮನಿದ್ದರೆ ಪಕ್ಕದವರಿಗೆ ಹೇಗಿರುತ್ತದೆಂದು ಅವನಿಗೆ ಅವತ್ತು ತಿಳಿಯಿತು.

“ತಲಿ ಅಲ್ಲಾಡ್ಸಿದ್ರಿ ನೀವು,” ಎಂದಳು ಕಡೆಗೆ. “ನನ್ನ ದನೀಲೆ ನಿಮ್ಮ ಸುಳ್ಳು ಹೇಳ್ಸಿದ್ದು ಸಾಲಲಿಲ್ಲ ಅಂತ.”

“ಅವರ ಒಳ್ಳೇದಕ್ಕ...”

“ಒಳ್ಳೇದಕ್ಕ ಇಂಜೆಕ್ಷನ್ ಮಾಡ್ತೀನಿ ನಾನು. ಚುಚ್ತೈತಿ ಅಂತ ಹೇಳಿ ಮಾಡ್ತೀನಿ.” ಸ್ವಲ್ಪ ಹೊತ್ತು ಬಿಟ್ಟು ಅವನ ಕಡೆ ಪೂರ್ತಿ ತಿರುಗಿದಳು. “ಒಂದು ಕೇಳ್ತೀನಿ. ಖರೇ ಹೇಳ್ರಿ. ಯಾಕ ಬರದ್ರಿ ಆ ಸಾಲು?”

ಅವಳ ಕಣ್ಣು ಅವನ ಮುಖದ ಮೇಲೆ ಏನನ್ನೋ ಹುಡುಕುತ್ತಿತ್ತು. ಅದು ಅಲ್ಲಿತ್ತು. ಅವಳಿಗೆ ಇನ್ನೊಂದು ಕ್ಷಣ ಬೇಕಿತ್ತು, ಅವನಿಗೆ ಒಂದು ಮಾತು ಬೇಕಿತ್ತು.

“ರೆಸ್ಪಾನ್ಸ್ ಜಾಸ್ತಿ ಬರ್ಲಿ ಅಂತ.”

“ಅಷ್ಟನಾ?”

“ಅಷ್ಟ.”

ಅವಳು ಕಿಟಕಿಯತ್ತ ತಿರುಗಿದಳು. ಗಾಜಿನಲ್ಲಿ ಈಗ ಬರೀ ಕತ್ತಲಾಗುತ್ತಿರುವ ಬಾಳೆ ಎಲೆ.

“ನಾಳಿಂದ ನನ್ನ ದನಿ ಬ್ಯಾಡ್ರಿ. ಎಲ್ಲಾ ತಗದ್ಬಿಡ್ರಿ. ಮಂದಿ ನಡದ ಲೆಕ್ಕ ವಾರಕ್ಕೊಮ್ಮೆ ಕಳಸ್ರಿ, ಅದು ನನ್ನ ಡ್ಯೂಟಿ, ನೋಡ್ತೀನಿ. ಬಾವಿಗೆ ಮಾತ್ರ ಕರೀಬ್ಯಾಡ್ರಿ.”

ಮಲಪನಗುಡಿಯಲ್ಲಿ ಇಳಿದಳು.

*

ಮರುದಿನವೇ ಅವನು ದನಿ ತೆಗೆದ. ಐವತ್ತೆಂಟಿದ್ದದ್ದು ನಾಲ್ಕು ದಿನದಲ್ಲಿ ಮೂವತ್ತಾರಕ್ಕೆ ಬಂತು. ಪುರಂದರ ಸರ್ ಕುರ್ಚಿ ಎಳೆದುಕೊಂಡು ಕೂತರು.

“ಒಂದು ಸಾಲು ತಾನೆ ಸಿದ್ದಲಿಂಗೇಶ್? ಬೇರೆ ಯಾರ ದನಿಯಲ್ಲಾದರೂ ಹಾಕಿ. ‘ಕಾಯ್ತಿರ್ತೀನಿ’ ಅಂದರೆ ಯಾರಿಗೇನು ನಷ್ಟ?”

“ಕಾಯುವವರು ಇಲ್ಲವಲ್ಲ ಸರ್.”

“ಅದು ಮಾತಿನ ಧಾಟಿ ಅಷ್ಟೆ.”

“ಒಬ್ಬರು ಅದನ್ನು ಕೊಟ್ಟ ಮಾತು ಅಂದುಕೊಂಡರು ಸರ್.” ಅವನಿಗೇ ಆಶ್ಚರ್ಯವಾಗುವಷ್ಟು ಗಟ್ಟಿಯಾಗಿ ಹೇಳಿದ. “ಹದಿನೈದು ದಿನ ಕೊಡಿ.”

ಏನು ಮಾಡುವುದೆಂದು ಅವನಿಗೆ ತಿಳಿದಿರಲಿಲ್ಲ. ತಿಳಿದುಕೊಳ್ಳಬೇಕೆಂಬ ಕುತೂಹಲವಿತ್ತು, ಮುದುಕನ ಪಟ್ಟಿ ಜೇಬಿನಲ್ಲಿತ್ತು. ಕಮಲಾಪುರದಲ್ಲಿ ಇಳಿದು ಎರಡು ಸುಗಂಧಿ ಬಾಳೆ ತಗೊಂಡು ಮುಂದಿನ ಬಸ್ಸು ಹಿಡಿದ. ಎಮ್ಮಿಗನೂರಿನಲ್ಲಿ ಪಟ್ಟಿ ತನ್ನ ಕೈಗೆ ಕಟ್ಟಿಕೊಂಡು ನಡೆದ. ಐದೂ ಇಪ್ಪತ್ತಕ್ಕೆ ಸೇತುವೆಯ ಮೇಲೆ ಕೂತ.

ನೀಲಿ ಗೆರೆ ಸತ್ತಂತೆ ಮಲಗಿದ್ದ ಆ ನಲವತ್ತು ನಿಮಿಷದ ಒಳಗೆ ಏನೇನಿತ್ತು! ದೂರದಲ್ಲಿ ಒಂದು ಆಕಾರ ಕಂಡರೆ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ಹತ್ತಿರ ಬಂದು ಬೇರೆ ಯಾರೋ ಆದರೆ ಅವರಿಗೂ ಒಂದು ನಮಸ್ಕಾರ ಹೋಗುತ್ತಿತ್ತು. ಮಂಗಗಳು ಕೊಂಬೆ ಕೊಂಬೆ ಇಳಿದು ಬಂದವು. ಅವನು ಹಣ್ಣು ತೊಡೆಯ ಮೇಲಿಟ್ಟುಕೊಂಡು ಕಾದ. ಯಾರೂ ಬರಲಿಲ್ಲ. ಯಾರೂ ಬರಲಿಲ್ಲವೆಂಬುದೂ ಒಂದು ಸುದ್ದಿಯಂತೆ ಜೊತೆಗೆ ನಡೆದು ಬಂತು.

ಮರುದಿನ ಹೋದ. ಅದರ ಮರುದಿನವೂ ಹೋದ. ಮೇವು ಹೊತ್ತ ಹೆಂಗಸರು ಗುರುತು ಹಿಡಿದು ನಗತೊಡಗಿದರು. “ಮಂಗ್ಯಾ ಕಾಯಾಕ ಸರ್ಕಾರದೋರು ಕಳ್ಸ್ಯಾರೇನೋ ತಮ್ಮಾ?” ಎಂದು ಒಬ್ಬಳು ಕೇಳಿದಳು.

ಎಂಟನೇ ದಿನ ಗಾದಿಲಿಂಗಪ್ಪ ಬಂದ. ನಡೆದೇ ಬಂದಿದ್ದ. ಕಟ್ಟೆಯ ಆ ತುದಿಗೆ ಕೂತು, ಸ್ವಲ್ಪ ಹೊತ್ತು ನೋಡಿ, ಕೇಳಿದ.

“ಯಾರಿಗ ಕಾಯಾಕತ್ತೀದಿ?”

“ನಿಮಗ.”

“ನನಗ ಒಬ್ಬಗನಾ?”

ಸಿದ್ದಲಿಂಗೇಶ ನೀರು ನೋಡಿದ. “ನಿಮಗೂ.”

ಮುದುಕನ ನಗೆ ಸೇತುವೆಯ ಕೆಳಗೆ ಹೋಗಿ ವಾಪಸು ಬಂತು. “ನಮ್ಮ ಎರ್ರಿ ದಿನಾ ಬೈಯಾಕತ್ತಿದ್ಲು, ‘ಆ ಹುಡುಗ ಕುಂತಾನ, ನೀ ಮನ್ಯಾಗ ಕುಂತೀದಿ’ ಅಂತ. ತಾ ಇಲ್ಲಿ ಹಣ್ಣು. ಅರ್ಧ ಸಾಕು ನನಗ, ಸಕ್ಕರಿ ಐತಿ.”

ಉಳಿದ ಒಂದೂವರೆ ಹಣ್ಣನ್ನು ಸಿದ್ದಲಿಂಗೇಶ ತಿಂದ. ಹಾಗೆ ತಿನ್ನುವಾಗಲೇ ಅವನಿಗೆ ಹೊಳೆಯಿತು. ಮಷೀನು ಕಾಯುವುದು ಬೇಡ, ಕಾಯುವವರನ್ನೇ ಹುಡುಕಿದರಾಯಿತು. ಪ್ರತಿಯೊಬ್ಬರಿಗೂ ಬೀದಿ ತುದಿಯಲ್ಲಿ, ಗುಡಿ ಕಟ್ಟೆಯಲ್ಲಿ, ಟೀ ಅಂಗಡಿಯಲ್ಲಿ ನಿಜವಾಗಿ ಕೂತಿರುವವರು ಒಬ್ಬರಿದ್ದರೆ, ಐದು ಗಂಟೆಗೆ ಅವರ ದನಿಯೇ ಕರೆಯಬಹುದು. ಬಂದರೆ ಬಂದರು, ಇಲ್ಲದಿದ್ದರೆ ಬೈಯುವುದಕ್ಕೂ ಒಬ್ಬರಿರುತ್ತಾರೆ.

“ಎರ್ರಮ್ಮನ ದನಿ ಹಾಕಬಹುದೇನ್ರಿ ನಿಮಗ?”

“ಯಪ್ಪಾ, ಅಕೀ ದನಿ ಫೋನಿನಾಗೂ ಬೇಕಾ!” ಎಂದ ಗಾದಿಲಿಂಗಪ್ಪ. ಆದರೆ ಪಟ್ಟಿಗಾಗಿ ಕೈ ಚಾಚಲಿಲ್ಲ. “ಅದು ನಿನ್ನ ಕೈಯಾಗ ಇರ್ಲಿ ಇನ್ನ ಸ್ವಲ್ಪ ದಿನ. ನಿನ್ನ ಕಾಯೋದು ಮುಗ್ದಿಲ್ಲ.”

*

ಹನ್ನೊಂದನೇ ದಿನ ಊರ ಕಡೆಯ ರಸ್ತೆಯಲ್ಲಿ ಒಂದು ಆಕಾರ ಕಂಡಿತು. ಬೆನ್ನು ನೆಟ್ಟಗಾಯಿತು. ಬೇರೆ ಯಾರೋ ಇರಬಹುದೆಂದು ಅವನು ಮನಸ್ಸಿಗೆ ಹೇಳಿಕೊಂಡ. ಆಕಾರ ಹತ್ತಿರ ಬಂತು. ಹೆಗಲಿಗೆ ಚೀಲ, ಕೈಯಲ್ಲಿ ಮಡಚಿದ ಕಾಗದ.

ಶೈಲಶ್ರೀ ಎದುರಿಗೆ ನಿಂತು ಕಾಗದ ಬಿಚ್ಚಿದಳು.

“ನೂರಾ ಹದಿನೇಳು. ಐದೂ ಇಪ್ಪತ್ತರಿಂದ ಆರು. ಹತ್ತು ದಿನ. ತಾತ ಮತ್ತ ನಡ್ಯಾಕತ್ತಾರ ಅಂತ ಖುಷಿಲೆ ಎರ್ರಮ್ಮಗ ಫೋನ್ ಮಾಡಿದೆ. ‘ಅವನು ಬರಾಕತ್ತಿ ಮೂರು ದಿನ ಆತವ್ವಾ, ಅದಕ್ಕೂ ಮೊದಲ ಕುಂತಿದ್ದು ನಿಮ್ಮ ಹುಡುಗ’ ಅಂದ್ಲು. ‘ನಿಮ್ಮ’ ಅಂತ ಒತ್ತಿ ಹೇಳಿದ್ಲು.” ಕಾಗದ ಮಡಚಿದಳು. “ನೋಡಾಕ ಬಂದೆ. ಏನಿರಬಹುದು ಆ ನಲವತ್ತು ನಿಮಿಷದಾಗ ಅಂತ.”

ಪಕ್ಕದಲ್ಲಿ ಕೂತಿದ್ದ ಗಾದಿಲಿಂಗಪ್ಪ ಟವಲು ಕೊಡವಿ ಎದ್ದ. “ನಾ ಹೊಂಟೆ. ಎರ್ರಿ ಬೈತಾಳ.”

“ಇನ್ನೂ ಆರು ಆಗಿಲ್ಲಲ್ಲ ತಾತ,” ಎಂದಳು ಅವಳು.

“ನನ್ನ ಗಡಿಯಾರದಾಗ ಆಗೈತಿ.” ಗಡಿಯಾರವಿಲ್ಲದ ಕೈ ಬೀಸುತ್ತ ಹೋದ.

ಅವಳು ಮುದುಕ ಬಿಟ್ಟ ಜಾಗದಲ್ಲಿ ಕೂತಳು. ಕೆಳಗೆ ನೀರು, ಮೇಲೆ ಮಂಗಗಳು. ಬಾವಿಯ ಮೆಟ್ಟಿಲಿನಲ್ಲಿ ಕೂತಷ್ಟೇ ದೂರ ಅವರ ನಡುವೆ.

“ಆ ಪ್ರಶ್ನಿ ಹಂಗ ಉಳದೈತ್ರಿ,” ಎಂದಳು. “ಯಾಕ ಬರದ್ರಿ?”

ಹನ್ನೊಂದು ದಿನ ಕಾದು ಕಾದು ಅವನ ಒಳಗಿನ ಏನೋ ಸಡಿಲಾಗಿತ್ತು.

“ನಿಮ್ಮ ಬಾಯಿಂದ ಕೇಳಬೇಕಾಗಿತ್ತು.”

“ಮಂದಿಗೆ?”

“ನನಗ.”

ನೀರು ಹೋಯಿತು. ಒಂದು ಮಂಗ ಒಂದು ಕೊಂಬೆ ಇಳಿಯಿತು. ಅವಳು ಏನೂ ಹೇಳದೆ ಅವನ ಎಡಗೈ ತಗೊಂಡು, ಏಳು ತಿಂಗಳ ಹಿಂದೆ ಚುಚ್ಚಿದ್ದ ಬೆರಳನ್ನು ಹುಡುಕಿ, ಹೆಬ್ಬೆರಳಿನಿಂದ ಒತ್ತಿ ಹಿಡಿದಳು.

“ಇದನ್ನ ಚುಚ್ಚೋಕಿಂತ ಮೊದಲ ಹೇಳಬೇಕಿಲ್ರೀ?”

“ನೀವು...” ಎಂದು ಶುರು ಮಾಡಿದವನು ನಿಲ್ಲಿಸಿದ. ಈ ಸಲ ಅವಳು ಕೇಳಿದ್ದಳು, ಎರಡು ಸಲ.

“ನಾನೂ ಒಂದು ಹೇಳ್ತೀನಿ,” ಎಂದಳು. ಅವನನ್ನು ನೋಡದೆ ಕಾಲುವೆಗೆ ಹೇಳುವಂತೆ. “ಅವತ್ತ ಮೊದಲನೇ ಸಲ ಬರೇ ಓದಿದೆ. ಎರಡನೇ ಸಲ ನಿಮ್ಮ ಮುಖ ನೋಡಿ ಹೇಳಿದೆ. ಮೂರನೇ ಸಲ ಹೇಳುವಾಗ ನನಗ ಗಾಬರಿ ಆತು, ಇದು ಮಂದಿಗಲ್ಲ ಅಂತ ಗೊತ್ತಾಗಿ. ಅದಕ್ಕ ಬಸ್ಸಿನಾಗ ನೀವು ‘ರೆಸ್ಪಾನ್ಸ್’ ಅಂದಾಗ ತಾತಗ ಮಾತ್ರ ಅಲ್ಲ, ನನಗೂ ಮೋಸ ಆತು ಅನ್ನಿಸ್ತು.”

“ಶೈಲಾ...”

“ಸುಮ್ಕಿರ್ರಿ. ಯಾವಾಗೂ ಸುಮ್ಕಿರ್ತೀರಿ, ಈಗೊಂದು ನಿಮಿಷ ಸುಮ್ಕಿರ್ರಿ.” ಅವಳು ನಕ್ಕಳು. ಈ ಸಲ ಗಾಜಿನಲ್ಲಿ ಅಲ್ಲ, ನೇರ ಅವನ ಕಡೆಗೆ. “ಆ ಲಾರಿ ಹಾರ್ನ್ ಹೊಡೀದ ಹೋಗಿದ್ರ ನಾ ಒಂದ ಸಲ ಓದಿ ಎದ್ದು ಹೋಗ್ತಿದ್ದೆ. ನನ್ನ ಮನಸು ನನಗ ಗೊತ್ತ ಆಗ್ತಿರ್ಲಿಲ್ಲ. ಆ ಡ್ರೈವರ್ ಸಿಕ್ರ ಒಂದು ದಿನ ಮಿರ್ಚಿ ತಿನ್ನಿಸಬೇಕು.”

ಸಿದ್ದಲಿಂಗೇಶ ಹಣ್ಣು ಮುರಿದು ಅರ್ಧ ಅವಳಿಗೆ ಕೊಟ್ಟ. ಆರು ಹೊಡೆದ ಮೇಲೂ ಅವರು ಅಲ್ಲೇ ಕೂತಿದ್ದರು. ನೂರಾ ಹದಿನೇಳನೇ ಗೆರೆ ಆವತ್ತು ಆರೂ ಮುಕ್ಕಾಲರವರೆಗೆ ಏಳಲೇ ಇಲ್ಲ.

ಮುಂದೆ ಅವರು ಬಹಳ ಮಾತಾಡಿದರು, ಬಾವಿಯ ಮೆಟ್ಟಿಲಿನಲ್ಲಿ, ಬಸ್ಸಿನಲ್ಲಿ, ವಡ್ಡುವಿನಲ್ಲಿ ಅವಳ ಅಪ್ಪನ ಎದುರು. ಆದರೆ ಬಾವಿಯಲ್ಲಿ ಆ ಸಾಲು ಓದಿಸಿದ ದಿನ ರಸ್ತೆಯಲ್ಲಿ ಯಾವ ಲಾರಿಯೂ ಹಾರ್ನ್ ಹೊಡೆದಿರಲಿಲ್ಲ, ಅವಳು ಮೊದಲನೇ ಸಲ ಓದಿದ್ದೇ ಸರಿಯಾಗಿತ್ತು ಎಂಬುದನ್ನು ಅವನು ಅವಳಿಗೆ ಎಂದೂ ಹೇಳಲಿಲ್ಲ.